ಈರುಳ್ಳಿ ಬಣ್ಣದ ಕ್ಲಬ್ಬು

ಸ್ಕಾರ್‌ಬರೋದ ನಮ್ಮ ಮನೆಯ ಹಿಂದಿನ ಮರದ ಡೆಕ್ಕಿನ ಮೇಲೆ ಕೂತು ಸಾಂಬಾರಿಗೆ ಈರುಳ್ಳಿ ಸುಲಿಯುವುದು ನನ್ನ ಅತ್ತೆಯವರ ಬೇಸಿಗೆಯ ವಿಲಾಸ. ಒಳಗೆ ಸುಲಿದರೆ ಹೊಗೆಯ ಅಲಾರ್ಮೂ ಅಳುತ್ತದೆಂಬುದು ಅವರ ದೃಢನಂಬಿಕೆ. ಉಡುಪಿಯಿಂದ ಮಗಳ ಮನೆಗೆ ಬಂದ ಅವರಿಗೆ ಇಲ್ಲಿ ಮಾತಿಗೆ ಸಿಗುತ್ತಿದ್ದವರು ನಾನು, ನನ್ನ ಹೆಂಡತಿ ಇಬ್ಬರೇ, ಅದೂ ಆಫೀಸಿನ ಮೀಟಿಂಗುಗಳು ಕರುಣೆ ತೋರಿದ ಮೇಲೆ. ಹೀಗಿರುವಾಗ ಒಂದು ದಿನ ಪಕ್ಕದ ಮನೆಯ ಎಲ್ವಿರಾ, ಗಾಳಿಗೆ ಬೇಲಿಯಾಚೆ ಹಾರಿದ, ಇಲ್ಲಿನ ಹಳದಿ ಈರುಳ್ಳಿಯ ಸಿಪ್ಪೆಯೊಂದನ್ನು ಹಿಡಿದು ಎದೆಗೊತ್ತಿಕೊಂಡು, "ಇದು ನನ್ನ ಕ್ಲಬ್ಬು!" ಎಂದುಬಿಟ್ಟರು.

ಎಲ್ವಿರಾ ಉರುಗ್ವೆಯ ಪುಟ್ಟ ಬಂದರೊಂದರವರು, ಎಪ್ಪತ್ತು ದಾಟಿದವರು. ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದ ಅವರ ಅಜ್ಜ ಜೊತೆಗಾರರನ್ನು ಸೇರಿಸಿ ಫುಟ್‌ಬಾಲ್ ಕ್ಲಬ್ಬೊಂದನ್ನು ಕಟ್ಟಿದರಂತೆ. ಜರ್ಸಿಗೆ ಮೈದಾಚೀಲ, ಚೀಲದ ಬಣ್ಣಕ್ಕೆ ಈರುಳ್ಳಿ ಸಿಪ್ಪೆಯ ಕಷಾಯ. ಮೊದಲ ಮಳೆಗೇ ಬಣ್ಣ ಇಳಿದು, ಪಂದ್ಯ ಮುಗಿಯುವಷ್ಟರಲ್ಲಿ ಎರಡೂ ತಂಡ ಹಳದಿಯಾಗಿ, ಯಾರು ಯಾರಿಗೆ ಚೆಂಡು ಕೊಡಬೇಕೆಂದೇ ತಿಳಿಯಲಿಲ್ಲವಂತೆ. ದೇಶದ ಚಾಂಪಿಯನ್ ಆದದ್ದು ಒಂದೇ ಸಲ. ಆಮೇಲೆ ಮೈದಾನ ಹೆದ್ದಾರಿಯ ಪಾಲಾಯಿತು. ಊರವರೇ ಕೈಯಿಂದ ಕೈಗೆ ಇಟ್ಟಿಗೆ ದಾಟಿಸಿ ಹೊಸದನ್ನು ಕಟ್ಟಿದರು. ಆ ಸಾಲಿನಲ್ಲಿ ನಿಂತಿದ್ದ ಬಸುರಿಯೊಬ್ಬಳಿಗೆ ಅಲ್ಲೇ ನೋವು ಶುರುವಾಗಿ ಹುಟ್ಟಿದವರೇ ಎಲ್ವಿರಾ. ಅಂಥ ಕ್ಲಬ್ಬು ಲೀಗಿನ ಎರಡನೇ ದರ್ಜೆಗೆ ಜಾರಿ ಎಷ್ಟೋ ವರ್ಷವಾಗಿತ್ತು.

ಇದನ್ನೆಲ್ಲ ಎಲ್ವಿರಾ ಅರ್ಧ ಇಂಗ್ಲಿಷಿನಲ್ಲಿ ಹೇಳಿದರು, ಅತ್ತೆ ಕಾಲು ಇಂಗ್ಲಿಷಿನಲ್ಲಿ ಕೇಳಿದರು; ಉಳಿದ ಕಾಲುಭಾಗವನ್ನು ಕಣ್ಣೀರು ತುಂಬಿಕೊಟ್ಟಿತು. ಅದು ಈರುಳ್ಳಿಯದೋ ಇತಿಹಾಸದ್ದೋ ನನಗೆ ಗೊತ್ತಿಲ್ಲ.

"ಪಾಪ ಮಾರಾಯ್ರೆ, ಬೇಕರಿಯ ಮಕ್ಕಳು," ಎಂದರು ಅತ್ತೆ, ರಾತ್ರಿ ಊಟಕ್ಕೆ ಬಡಿಸುತ್ತ. "ಒಮ್ಮೆ ಮೇಲೆ ಬಂದ್ರೆ ದೇವರಿಗೆ ಎಂತ ನಷ್ಟ ಉಂಟು?"

ಈ ವರ್ಷ ಆ ದಿನ ಬಂತು. ಕೊನೆಯ ಪಂದ್ಯ ಗೆದ್ದರೆ ಮೊದಲ ದರ್ಜೆ. ಆದರೆ ಎಲ್ವಿರಾ ನಮ್ಮ ಮನೆಯ ಟೀವಿಗೆ ಬೆನ್ನು ಹಾಕಿದರು. "ನಾನು ನೋಡಿದ ಯಾವ ದೊಡ್ಡ ಪಂದ್ಯವನ್ನೂ ನಮ್ಮವರು ಗೆದ್ದದ್ದೇ ಇಲ್ಲ. ನನ್ನ ಪರವಾಗಿ ನೀನು ನೋಡು," ಎಂದು ಅತ್ತೆಯ ಕೈ ಹಿಡಿದುಕೊಂಡರು. ಬಲೆಯೊಳಗೆ ಚೆಂಡು ಹೋದರೆ ಗೋಲು ಎಂಬಷ್ಟನ್ನು ಅತ್ತೆಗೆ ಕಲಿಸಿ ನಾನು ಮಹಡಿಯ ಮೀಟಿಂಗಿಗೆ ಹೋದೆ. ಎಲ್ವಿರಾ ತಮ್ಮ ಟೊಮೇಟೊ ಗಿಡಗಳಿಗೆ ನೀರು ಹಿಡಿದು ನಿಂತರು. ತೆರೆದ ಕಿಟಕಿಯಿಂದ ಅತ್ತೆಯ "ಗುಡ್! ಗುಡ್!" ಕೇಳುತ್ತಿತ್ತು, ನಡುನಡುವೆ "ಕೃಷ್ಣಾ!"

ಆಮೇಲೆ ಒಮ್ಮೆಲೇ ಹಿಂಬಾಗಿಲು ಧಡಾರೆಂದು ತೆರೆದುಕೊಂಡ ಸದ್ದು. ಇಳಿದು ಬಂದು ನೋಡಿದರೆ ಇಬ್ಬರೂ ಟೊಮೇಟೊ ಗಿಡಗಳ ಬುಡದ ಕೆಸರಲ್ಲಿ ಕೂತಿದ್ದಾರೆ. ಅತ್ತೆ ಸೆರಗಿನಿಂದ ಎಲ್ವಿರಾ ಅವರ ಮುಖ ಒರೆಸುತ್ತಿದ್ದಾರೆ.

"ಹೋಯ್ತು. ಕೊನೇ ಗಳಿಗೆಯಲ್ಲಿ ಆ ಬಿಳಿ ಅಂಗಿಯವ ಹೊಡೆದ," ಎಂದು ಬಿಕ್ಕಿದರು ಅತ್ತೆ.

ನಾನು ತಿರುಗಿ ನಮ್ಮ ಕಿಟಕಿಯಿಂದ ಒಳಗಿನ ಟೀವಿ ನೋಡಿದೆ. ಬಿಳಿ ಅಂಗಿಯವರು ಕುಣಿಯುತ್ತಿದ್ದರು, ಸರಿ. ಆದರೆ ಅವರನ್ನು ತಬ್ಬಲು ನುಗ್ಗುತ್ತಿದ್ದ ಜನರ ಕೈಯಲ್ಲಿ ಈರುಳ್ಳಿ ಬಣ್ಣದ ಬಾವುಟಗಳು! ಎದುರಾಳಿಯ ಜರ್ಸಿಯೂ ಹಳದಿಯಾದ್ದರಿಂದ ನಮ್ಮವರು ಅಂದು ಬಿಳಿ ತೊಟ್ಟಿದ್ದರು. ನಾನು ಬಾಯಿ ತೆರೆಯುವ ಮೊದಲೇ ಎಲ್ವಿರಾ ಅವರ ಫೋನು ಹೊಡೆದುಕೊಂಡಿತು. ಆ ಕಡೆ ಅವರ ತಮ್ಮ ಹಾಡುತ್ತಿದ್ದ, ಅಳುತ್ತಿದ್ದ, ನಡುವೆ ಉಸಿರನ್ನೂ ಎಳೆದುಕೊಳ್ಳುತ್ತಿದ್ದ.

ಎಲ್ವಿರಾ ಎದ್ದವರೇ ಪೈಪು ಎತ್ತಿ ಆಕಾಶಕ್ಕೆ ಹಿಡಿದರು. ಮೂವರೂ ತೊಯ್ದೆವು.

"ಹಾಗಾದ್ರೆ ನಾನು ಇಷ್ಟು ಹೊತ್ತು ಹರಕೆ ಹೇಳಿದ್ದು ಶತ್ರುಗಳಿಗಾ?" ಅತ್ತೆ ಕಂಗಾಲಾದರು. "ಕೃಷ್ಣನಿಗೆ ಈಗ ಎಂತ ಹೇಳುದು?"

ಕ್ಲಬ್ಬಿನ ಸಂಸ್ಥಾಪಕರ ಮೊಮ್ಮಗಳಿಗೆ ಈ ಬಗ್ಗೆ ಯಾವ ಗೊಂದಲವೂ ಇರಲಿಲ್ಲ. ಅತ್ತೆಯ ಎರಡೂ ಕೆನ್ನೆ ಹಿಡಿದು ಆಜ್ಞೆ ಮಾಡಿದರು: ಇನ್ನು ಮೇಲೆ ಪ್ರತಿ ಪಂದ್ಯದಲ್ಲೂ ನೀನು ಎದುರಾಳಿಗೇ ಹರಸಬೇಕು.

ಇನ್ನೊಂದು ತಿಂಗಳು ಇರಮ್ಮ ಎಂದು ನನ್ನ ಹೆಂಡತಿ ಗೋಗರೆದಾಗ ಊರಿನ ತುಳಸಿಗೆ ನೀರು ಹಾಕುವವರಿಲ್ಲವೆಂದು ಕಡ್ಡಿ ಮುರಿದಂತೆ ಹೇಳಿದ್ದವರು ಅತ್ತೆ. ಮರುದಿನ ಕಾಫಿಯ ಹೊತ್ತಿಗೆ, ಲೋಟದೊಳಗೆ ನೋಡುತ್ತ, "ಟಿಕೇಟು ಮುಂದೆ ಹಾಕ್ಲಿಕ್ಕೆ ಆಗ್ತದಾ? ಮೇಲಿನ ದರ್ಜೆಯಲ್ಲಿ ಮಕ್ಕಳಿಗೆ ಮೊದಲ ವರ್ಷ ಕಷ್ಟ ಅಲ್ವಾ?" ಎಂದರು.

ವಿಮಾನದ ಕಂಪನಿಗೆ ಫೋನು ಮಾಡಿದೆ. ಕಾರಣ ಕೇಳಿದರು. ಕುಟುಂಬದ ತುರ್ತು ಎಂದೆ. ಹೇಳುವಾಗ ಸುಳ್ಳೆನ್ನಿಸಲೇ ಇಲ್ಲ.