ಹಿಮ್ಮಡಿ ತಿಕ್ಕುವ ಹಲ್ಲು

ಆಗ ನನಗೆ ಹದಿನೇಳು. ಅರವತ್ತು ವರ್ಷದ ಹಿಂದಿನ ಮಾತು. ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ನನ್ನ ತವರು ಜೊಯಿಡಾ ಕಡೆ. ಅಪ್ಪ ಕಾಡಿನಲ್ಲಿ ಮರ ಕಡಿಯುವ ಕೆಲಸಕ್ಕೆ ಹೋಗುತ್ತಿದ್ದ. ಒಂದು ಮಳೆಗಾಲ ಕಾಳಿ ಹೊಳೆಯ ದಂಡೆ ಕುಸಿದಾಗ, ಗಟ್ಟಿಯಾದ ಜಲ್ಲಿಯೊಳಗೆ ಸಿಕ್ಕಿಕೊಂಡಿದ್ದ ಒಂದು ಕಲ್ಲನ್ನು ಕಿತ್ತು ತಂದ. ಅಂಗೈಗಿಂತ ದೊಡ್ಡದು, ಮೇಲೆಲ್ಲ ಸಾಲು ಸಾಲು ಗೀರು. ಅವ್ವ ಅದರಲ್ಲಿ ಹಿಮ್ಮಡಿ ತಿಕ್ಕುತ್ತಿದ್ದಳು. ನಾನು ಮದುವೆಯಾಗಿ ಮುಂಡಗೋಡದ ಕಡೆ ಬರುವಾಗ ನನ್ನ ಗಂಟಿಗೆ ಹಾಕಿದಳು. ಗಂಟು ಬಿಚ್ಚಿದಾಗ ಮಾವ, “ಬೀಗರು ಮಗಳ ಜೋಡಿ ಕಲ್ಲ ಕಳಿಸ್ಯಾರ, ಕುದಿಸ್ಕೊಂಡ ತಿನ್ನೂಣು” ಎಂದು ನೆರೆಹೊರೆಯವರನ್ನೆಲ್ಲ ನಗಿಸಿದರು. ಕಲ್ಲನ್ನು ಬಚ್ಚಲಲ್ಲಿಟ್ಟೆ.

ಮುಂದಿನ ಬೇಸಿಗೆ ಒಬ್ಬ ಸಾಹೇಬರು ಬಂದರು. ಧಾರವಾಡದ ಕಡೆಯವರು, ಸುತ್ತಿಗೆ ಹಿಡಿದು ಊರೂರಿನ ಕಲ್ಲು ನೋಡುವುದೇ ಅವರ ಕೆಲಸ. ಕಾಲು ತೊಳೆಯಲು ನಮ್ಮ ಬಚ್ಚಲಿಗೆ ಹೋದವರು ನನ್ನ ಕಲ್ಲು ಹಿಡಿದೇ ಹೊರಗೆ ಬಂದರು.

“ಯಜಮಾನ್ರ, ಇದು ಆನಿ ಹಲ್ಲು. ಕಲ್ಲಾಗೇತಿ. ಈ ಜಾತಿ ಆನಿ ಈಗ ಎಲ್ಲೂ ಇಲ್ಲ, ಆದ್ರ ಅದು ಇದ್ದ ಕಾಲ ನಮಗ ಗೊತ್ತೈತಿ. ಹಲ್ಲು ಯಾವ ಮಣ್ಣಿನ ಪದರಿನಾಗ ಸಿಕ್ಕಿತೋ ಆ ಪದರಿಗೂ ಅಷ್ಟ ವಯಸ್ಸು. ಎಲ್ಲೀದಿದು?”

“ನಮ್ದ ರೀ,” ಎಂದರು ಮಾವ.

“ಯಾರದು ಅಂತ ಕೇಳಲಿಲ್ರಿ. ಎಲ್ಲೀದು?”

“ನಮ್ಮ ಬಾವೀದು. ತೋಡುವಾಗ ಸಿಕ್ಕಿತ್ತು.”

ಸೊಸೆ ತಂದದ್ದೆಲ್ಲ ಮನೆಯದು ಎಂಬುದು ನಮ್ಮ ಕಡೆಯ ರೂಢಿ. ತಾನೇ ನಕ್ಕ ಕಲ್ಲಿಗೆ ಬೆಲೆ ಬಂದ ಮೇಲೆ ಬೀಗರದು ಎನ್ನಲು ಮಾವನ ನಾಲಿಗೆ ಹೊರಳಲಿಲ್ಲ. ನಾನು ಬಾಗಿಲ ಹಿಂದೆ ನಿಂತಿದ್ದೆ. ಮಾವನೆದುರು ಸೊಸೆ ಬಾಯಿ ತೆರೆಯುವಂತಿರಲಿಲ್ಲ.

“ಹಂಗಾದ್ರ ನಾಳೆ ಬಾವಿ ಗ್ವಾಡಿ ಒಡದು ನೋಡೂಣು. ಉಳದ ಎಲುಬೂ ಅಲ್ಲೇ ಇರ್ತಾವ,” ಎಂದರು ಸಾಹೇಬರು. ಮಾವ ಆಗಲಿ ಎಂದು ತಲೆಯಾಡಿಸಿದರು.

ಗೋಡೆ ಒಡೆದರೆ ಮಣ್ಣು ಬಿದ್ದು ನೀರು ಹಾಳು. ಬೇರೆ ನೀರೆಂದರೆ ಗುಡ್ಡದಾಚೆಯ ಹಳ್ಳ. ಪದರಿನ ವಯಸ್ಸು ತಪ್ಪಿದರೆ ಸಾಹೇಬರು ಬರೆಯುವ ಕಾಗದ ಕೆಡುತ್ತದೆ, ಬಾವಿ ಕೆಟ್ಟರೆ ನನ್ನ ಬೆನ್ನು ಮುರಿಯುತ್ತದೆ.

ಸಂಜೆ ಗಂಡನಿಗೆ ಹೇಳಿದೆ: “ಅದು ನಮ್ಮವ್ವ ಕೊಟ್ಟದ್ದು ಅಂತ ನಿಮಗೂ ಗೊತ್ತೈತಿ. ಸಾಹೇಬ್ರಿಗೆ ಹೇಳ್ರಿ.”

“ಅಪ್ಪನ್ನ ಸುಳ್ಳ ಮಾಡ್ಲೇನ? ಹಳ್ಳದ ನೀರ ತಂದ್ರ ಸವದ ಹೋಗ್ತಿಯೇನ?”

“ಸುಮ್ನ ರೊಟ್ಟಿ ಬಡಿ,” ಎಂದರು ಅತ್ತೆ. ಬಡಿದೆ. ಆ ಪೆಟ್ಟುಗಳು ಹಿಟ್ಟಿಗೆ ಹಾಕಿದವಲ್ಲ.

ಮರುದಿನ ಬೆಳಿಗ್ಗೆ ಹಾರೆ ಹೊತ್ತ ಆಳುಗಳು ಬರುವ ಮೊದಲೇ ಹೋಗಿ ಬಾವಿಕಟ್ಟೆಯ ಮೇಲೆ ಕುಳಿತೆ. ಸಾಹೇಬರು ಬಂದರು, ಹಿಂದೆ ಮಾವ. ನನ್ನ ತಲೆಯ ಮೇಲೆ ಸೆರಗಿತ್ತು, ಬಾಯಿಗಿರಲಿಲ್ಲ.

“ಸಾಹೇಬ್ರ, ಆ ಹಲ್ಲು ನಾ ತವರಿಂದ ತಂದದ್ದು. ಕಾಳಿ ಹೊಳಿ ದಂಡಿ ಜಲ್ಲಿಯೊಳಗ ನಮ್ಮಪ್ಪಗ ಸಿಕ್ಕಿತ್ತು. ಇಲ್ಲಿ ಒಡದ್ರ ಹೊಳಿ ವಯಸ್ಸ ಬಾವಿಗೆ ಬರೀತೀರಿ, ನಮಗ ಕುಡ್ಯಾಕ ನೀರೂ ಇರಂಗಿಲ್ಲ.”

“ಒಳಗ ನಡಿ!” ಮಾವ ಕೂಗಿದರು.

“ನೀರ ತುಂಬ್ಕೊಂಡ ಬರ್ತೇನ್ರಿ, ಮಾವಾರ.”

ಸಾಹೇಬರು ಮಾವನ ಮುಖ ನೋಡಿದರು. ಹಾರೆ ಕೆಳಗಿಡಲು ಆಳುಗಳಿಗೆ ಹೇಳಿದರು. ನಾನು ಹಗ್ಗ ಬಿಟ್ಟು ನೀರು ಸೇದಿದೆ.