ಗುಡ್ಡದಿಂದ ಇಳಿಯದ ದನಗಳು

ನಾನು ಹುಟ್ಟಿ ಬೆಳೆದದ್ದು ಕುಂದೂರಿನ ಹತ್ತಿರ. ಅಲ್ಲಿ ದನವೆಂದರೆ ಸಂಜೆ ಕೊಟ್ಟಿಗೆಗೆ ಬಂದು ಗೂಟಕ್ಕೆ ಕಟ್ಟಿಸಿಕೊಳ್ಳುವ ಪ್ರಾಣಿ. ಮದುವೆಯಾಗಿ ಹೆಗ್ಗದ್ದೆ ಕಡೆಗೆ ಬಂದ ಮೊದಲ ಮಳೆಗಾಲದಲ್ಲಿ ನನ್ನ ಗಂಡ ಹಾಲು ಬತ್ತಿದ ದನಗಳನ್ನೆಲ್ಲ ಹೊಡೆದುಕೊಂಡು ಹೋಗಿ, ಗುಡ್ಡದ ನೆತ್ತಿಯ ಹುಲ್ಲುಗಾವಲಿನಲ್ಲಿ ಬಿಟ್ಟು, ಕೈ ಬೀಸಿಕೊಂಡು ವಾಪಸ್ ಬಂದರು. ಇವರಿಗೆ ತಲೆ ಸರಿ ಇದೆಯೇ ಎಂದು ನನಗೆ ಅನುಮಾನ ಬಂದಿತ್ತು. ದೀಪಾವಳಿಯ ಹೊತ್ತಿಗೆ ಹೋಗಿ ಕರೆದುಕೊಂಡು ಬರುತ್ತೇವೆ, ಇಲ್ಲಿ ಎಲ್ಲರೂ ಮಾಡುವುದೇ ಹೀಗೆ ಎಂದರು. ನಡುವೆ ಆಗಾಗ ಹತ್ತಿ ಹೋಗಿ ಬಂಡೆಯ ಮೇಲೆ ಉಪ್ಪು ಹಾಕಿ ಬರುತ್ತಿದ್ದರು. ದನಗಳು ಉಪ್ಪಿನಾಸೆಗೆ ಬರುತ್ತವೆ ಎಂದೇ ನಾನು ತಿಳಿದುಕೊಂಡಿದ್ದೆ. ಅವು ಬರುತ್ತಿದ್ದದ್ದು ಕೂಗಿಗೆ ಎಂದು ಆಮೇಲೆ ತಿಳಿಯಿತು.

ಒಂದೊಂದು ಮನೆಗೆ ಒಂದೊಂದು ಕೂಗು. ಪಕ್ಕದ ಮನೆಯವರು ಎಷ್ಟೇ ಗಂಟಲು ಹರಿದುಕೊಂಡರೂ ನಮ್ಮ ದನ ಕತ್ತೆತ್ತುವುದಿಲ್ಲ. ನಮ್ಮವರ ಕೂಗು ಉದ್ದಕ್ಕೆ ಎಳೆದು ಮೇಲಕ್ಕೆ ಹೋಗಿ, ತುದಿಯಲ್ಲಿ ಎರಡು ತುಂಡಾಗಿ ಬೀಳುತ್ತಿತ್ತು. ಅದನ್ನು ಕೇಳಿ ಘಾಟಿಯ ದೋಣಿಗಲ್ ಸ್ಟೇಷನ್ನಿನಲ್ಲಿ ರೈಲು ನಿಲ್ಲುತ್ತದೆ ಎಂದು ಊರವರು ರೇಗಿಸುತ್ತಿದ್ದರು. ಇವರು ಆ ಮಾತಿಗೆ ಉಬ್ಬಿ ಹೋಗುತ್ತಿದ್ದರು.

ಹೋದ ವರ್ಷ ಮಳೆ ಹಿಡಿಯುವ ಮುಂಚೆ ದನ ಬಿಟ್ಟು ಬಂದವರು ಗಂಟಲು ನೋವು ಎಂದರು. ಹೊತ್ತು ಹೊತ್ತಿಗೂ ಬಾಯಲ್ಲಿ ಹೊಗೆಸೊಪ್ಪು ಇಟ್ಟುಕೊಳ್ಳುವ ಮನುಷ್ಯನಿಗೆ ನೋಯದೆ ಇನ್ನೇನು ಎಂದು ಬೈದೆ. ಕೊನೆಗೆ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಅವರು ಉಸಿರಾಡುವುದು ಕತ್ತಿನ ಬುಡದಲ್ಲಿ ಮಾಡಿರುವ ತೂತಿನಿಂದ. ಕತ್ತಿಗೆ ಒತ್ತಿ ಹಿಡಿದರೆ ಮಾತು ಹೊರಡಿಸುವ ಒಂದು ಸಣ್ಣ ಯಂತ್ರವನ್ನೂ ಕೊಟ್ಟರು. ಮನೆಗೆ ಬಂದವರು ಮೊದಲು ಅದರಲ್ಲಿ ನಾಯಿಯನ್ನು ಕರೆದರು. ನಾವೇ ಸಾಕಿದ ನಾಯಿ ಕಾಫಿ ಗಿಡಗಳ ಸಂದಿಗೆ ಓಡಿ, ಅಲ್ಲಿಂದ ಇವರ ಮೇಲೆ ಬೊಗಳಿತು. ಯಂತ್ರ ಅವತ್ತೇ ಬೀರು ಸೇರಿತು. ಈಗ ನನ್ನನ್ನು ಚಪ್ಪಾಳೆ ತಟ್ಟಿ ಕರೆಯುತ್ತಾರೆ. ಸಿಟ್ಟು ಬಂದಾಗ ತಟ್ಟುವ ಚಪ್ಪಾಳೆ ಬೇರೆ, ಅದು ನನಗೆ ಅಡುಗೆಮನೆಯಲ್ಲೇ ಗೊತ್ತಾಗುತ್ತದೆ.

ಆ ದೀಪಾವಳಿಗೆ ದನ ಇಳಿಸಲು ಮೈದುನ ಹೋಗಿದ್ದ. ಬರಿಗೈಯಲ್ಲಿ ಬಂದು ಜಗಲಿಯ ಮೇಲೆ ಕೂತ. "ಅವು ಕಾಡು ಸೇರ್ಬುಟ್ಟವೆ ಅತ್ತಿಗೆ. ಮನುಷ್ಯರ್ನ ಕಂಡ್ರೆ ಓಡ್ತವೆ. ಆಸೆ ಬುಟ್ಬುಡಿ" ಎಂದ. ಒಳಗೆ ಮಲಗಿದ್ದವರಿಗೆ ಕೇಳಿಸಿತ್ತು. ಇನ್ನೊಂದು ಮಳೆಗಾಲ ಕಳೆದು ಸ್ವಲ್ಪ ಚೇತರಿಸಿಕೊಂಡದ್ದೇ ತಡ, ಊಟಕ್ಕೆ ಕೂತಾಗೆಲ್ಲ ಗುಡ್ಡದ ಕಡೆ ಕೈ ತೋರಿಸಲು ಶುರು ಮಾಡಿದರು. ಆಮೇಲೆ ಎರಡು ಬೆರಳು ಕಣ್ಣಿಗೆ ಇಟ್ಟು, ಅಂಗೈಯಿಂದ ಎದೆ ತಟ್ಟಿಕೊಳ್ಳುವರು. ತನ್ನನ್ನು ನೋಡಿದರೆ ಅವು ಬಂದೇ ಬರುತ್ತವೆ ಎಂದು ಅದರ ಅರ್ಥ.

ಕೊಟ್ಟಿಗೆಗೆ ದನ ಬೇಕೆಂದು ಈ ಹಟ ಎಂದು ನಾನು ಒಂದು ದಿನವೂ ಅಂದುಕೊಳ್ಳಲಿಲ್ಲ. ಗಂಟಲು ಹೋದರೂ ತಾನು ತಾನೇ ಎಂದು ಯಾವುದಾದರೂ ಒಂದು ಜೀವ ಒಪ್ಪಬೇಕಿತ್ತು ಅವರಿಗೆ. ನಾಯಿ ಒಪ್ಪಲಿಲ್ಲ. ಊರವರು ಎದುರು ಸಿಕ್ಕರೆ ಇವರನ್ನು ಬಿಟ್ಟು ನನ್ನ ಮುಖ ನೋಡಿಕೊಂಡು ಇವರ ಯೋಗಕ್ಷೇಮ ಕೇಳುತ್ತಿದ್ದರು. ಉಳಿದದ್ದು ದನಗಳು. ಅವೂ ಬರದಿದ್ದರೆ ಈ ಮನುಷ್ಯ ಏನಾಗುತ್ತಾನೋ ಎಂದು ನನಗೆ ದಿಗಿಲು. ಅದಕ್ಕೇ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅವರ ಕೂಗನ್ನು ಕದ್ದು ಕಲಿಯುತ್ತಿದ್ದೆ. ಎಳೆಯುವುದು ಬರುತ್ತಿತ್ತು, ತುದಿಯಲ್ಲಿ ಮುರಿಯುವುದು ಬರುತ್ತಿರಲಿಲ್ಲ.

ಕೊನೆಗೆ ನಾವಿಬ್ಬರೂ ಗುಡ್ಡಕ್ಕೆ ಹೊರಟ ದಿನ ಮೈದುನ ಬೆಳಿಗ್ಗೆ ನಮ್ಮನ್ನು ಜೀಪಿನಲ್ಲಿ ಎಸ್ಟೇಟ್ ರಸ್ತೆ ಮುಗಿಯುವ ತನಕ ಬಿಟ್ಟು, ಸಂಜೆ ಬರುತ್ತೇನೆ ಎಂದು ಹೋದ. ಕೂಲಿಯವರ ಕೊನೆಯ ಲೈನ್ ಮನೆ ದಾಟುವಾಗ ಮೊಬೈಲಿಗೆ ಆನೆಗಳು ಎಲ್ಲಿವೆ ಎಂದು ತಿಳಿಸುವ ಅರಣ್ಯ ಇಲಾಖೆಯ ಮೆಸೇಜ್ ಬಂತು. ಇನ್ನೊಂದು ತಿರುವಿಗೆ ಸಿಗ್ನಲ್ ಹೋಯಿತು. ಆಮೇಲೆ ಆನೆ ಎಲ್ಲಿದೆ ಎಂದು ಹೇಳಬೇಕಾದವರು ಆನೆಗಳೇ.

ಕಾಡಿನ ಒಳಗೆ ಮಳೆ ನಿಂತಿರಲಿಲ್ಲ. ಹೊರಗೆ ಬಿಸಿಲು ಬಂದು ವಾರವಾಗಿದ್ದರೂ ಮರಗಳು ತೊಟ್ಟಿಕ್ಕುತ್ತಲೇ ಇದ್ದವು. ಕಾಲುದಾರಿ ಎಂದು ಯಾವುದನ್ನು ಕರೆಯಬೇಕೋ ಅದನ್ನು ಬೆತ್ತದ ಮುಳ್ಳು ಮುಚ್ಚಿಕೊಂಡಿತ್ತು. ನಾನು ಕತ್ತಿ ಹಿಡಿದು ಮುಂದೆ, ಅವರು ಕೋಲೂರಿಕೊಂಡು ಹಿಂದೆ. ನೆಲದ ಎಲೆಯೆಲ್ಲ ರಕ್ತ ಹೀರುವ ಉಂಬಳ. ಮುಂಚೆಯಾದರೆ ಕಾಲಿಗೆ ಹೊಗೆಸೊಪ್ಪಿನ ನೀರು ಹಚ್ಚಿಕೊಂಡು ಹೊರಡುತ್ತಿದ್ದೆವು. ಈಗ ನಮ್ಮ ಮನೆಯಲ್ಲಿ ಆ ವಸ್ತುವಿಗೆ ಪ್ರವೇಶವಿಲ್ಲ, ಸೋಪು ಬಳಿದುಕೊಂಡು ಬಂದಿದ್ದೆವು. ಉಂಬಳಗಳಿಗೆ ಸೋಪಿನಿಂದ ಏನೂ ತೊಂದರೆಯಾದ ಹಾಗೆ ಕಾಣಲಿಲ್ಲ.

ಹೆಜ್ಜೆ ಹೆಜ್ಜೆಗೂ ಅವರ ಕತ್ತಿನ ಬಟ್ಟೆಯ ಹಿಂದೆ ಉಸಿರು ಸುಯ್ಯೆನ್ನುತ್ತಿತ್ತು. ಆ ಸದ್ದು ಕೇಳುವಷ್ಟು ಹತ್ತಿರದಲ್ಲೇ ನಾನು ನಡೆದೆ. ಅವರು ನಿಂತರೆ ನಾನೂ ನಿಲ್ಲುತ್ತಿದ್ದೆ. ಹಳ್ಳ ದಾಟುವಾಗ ಅವರ ರಟ್ಟೆ ಹಿಡಿದುಕೊಂಡೆ. ಬಿದ್ದು ಕತ್ತಿನ ತೂತಿಗೆ ನೀರು ಹೋದರೆ ಕತೆ ಮುಗಿಯಿತು. ನಿಮ್ಮ ದನಗಳಿಗೆ ಇಷ್ಟು ಬೆಲೆ ಇದ್ದರೆ ನನಗೂ ನಾಲ್ಕು ಕಾಲು ಇರಬೇಕಿತ್ತು ಎಂದೆ. ಅವರ ಹೆಗಲು ಕುಣಿಯಿತು. ಈಗ ಅವರ ನಗು ಅಷ್ಟೇ.

ಮಧ್ಯಾಹ್ನ ಮೀರಿದ ಮೇಲೆ ಮರಗಳು ಕುಳ್ಳಗಾಗಿ, ಥಟ್ಟನೆ ಕಾಡು ಮುಗಿದು, ಹುಲ್ಲು ಶುರುವಾಯಿತು. ನೆತ್ತಿಯ ಉಪ್ಪಿನ ಬಂಡೆಯ ಮೇಲೆ ಪಾಚಿ ಬೆಳೆದಿತ್ತು. ಅದರಾಚೆ ಇಳಿಜಾರಿನಲ್ಲಿ ನಮ್ಮ ದನಗಳು ಮೇಯುತ್ತಿದ್ದವು. ಅವರು ನನ್ನ ಕೈ ಹಿಡಿದುಕೊಂಡರು, ಗಟ್ಟಿಯಾಗಿ. ಕೊಂಬು ಮುರಿದ ಹಸು ಇತ್ತು, ಕಪ್ಪು ಹಸು ಇತ್ತು. ಮೈತುಂಬ ಕೂದಲು ಬೆಳೆದು ಕೊಟ್ಟಿಗೆಯಲ್ಲಿ ಇದ್ದದ್ದಕ್ಕಿಂತ ದುಂಡಗಾಗಿದ್ದವು. ನಾವು ಕಾಣದ ಒಂದು ಕರುವೂ ಇತ್ತು. ನಾವಿಲ್ಲದೆ ಅವಕ್ಕೆ ಏನೂ ಕಡಿಮೆಯಾಗಿರಲಿಲ್ಲ.

ಕೂಗು ಎಂದು ಅವರು ನನಗೆ ಸನ್ನೆ ಮಾಡಿದರು. ಬಚ್ಚಲುಮನೆಯ ಕಳ್ಳತನ ಅವರಿಗೆ ಗೊತ್ತೇ ಇತ್ತು. ಕೂಗಿದೆ. ದನಗಳೆಲ್ಲ ಒಟ್ಟಿಗೆ ತಲೆ ಎತ್ತಿದವು. ಕೊಂಬು ಮುರಿದದ್ದು ನಾಲ್ಕು ಹೆಜ್ಜೆ ಮುಂದೆ ಬಂದು ನಿಂತು ಕಿವಿ ನಿಮಿರಿಸಿತು. ಅವರು ಬೊಗಸೆಯಲ್ಲಿ ಉಪ್ಪು ಹಿಡಿದು ಮೆಲ್ಲಗೆ ಇಳಿದರು. ತಾವೇ ಎತ್ತಿ ಆಡಿಸಿದ ಕರುಗಳ ಹತ್ತಿರ ಹೋಗುವ ಹಾಗೆಯೇ ಹೋದರು. ಹಸು ಮೂಗರಳಿಸಿ ಬುಸ್ಸೆಂದಿತು. ಮರುಕ್ಷಣ ಎಲ್ಲವೂ ಬಾಲವೆತ್ತಿ ದಡದಡ ಓಡಿ ಕೆಳಗಿನ ಕಾಡಿಗೆ ನುಗ್ಗಿದವು. ಕರು ಕೊನೆಯಲ್ಲಿ ಓಡಿತು.

"ತಪ್ಪು ನಂದು ಕಣ್ರೀ. ತುದೀಲಿ ಸರಿ ಬರ್ಲಿಲ್ಲ. ಇನ್ನೊಂದ್ ಸಲ ಕೂಗ್ತೀನಿ, ಇರಿ" ಎಂದೆ.

ಅವರು ತಿರುಗಲಿಲ್ಲ. ಸಾಕು ಎಂದು ಬೆನ್ನ ಹಿಂದಕ್ಕೆ ಕೈ ಆಡಿಸಿದರು. ಆ ದನಗಳ ಮೇಲೆ ನನಗೆ ಬಂದ ಸಿಟ್ಟು ಹೇಳತೀರದು. ಕೈಯಲ್ಲಿ ಮೇವು ತಿನ್ನಿಸಿದವನನ್ನು ಮರೆಯಲು ಒಂದೂವರೆ ವರ್ಷ ಸಾಕಾಯಿತೇ ಇವಕ್ಕೆ? ಆದರೆ ಸಿಟ್ಟು ಎಷ್ಟು ಹೊತ್ತು ಇರುತ್ತದೆ? ಆಮೇಲೆ ಬರೀ ಸೋತ ಮೈ ಉಳಿಯಿತು. ಅವರು ಉಗುರಿನಿಂದ ಪಾಚಿ ಕೆರೆದು, ತಂದ ಉಪ್ಪನ್ನೆಲ್ಲ ಬಂಡೆಯ ಮೇಲೆ ಹರಡಿದರು. ನಾವು ಹೋದ ಮೇಲಾದರೂ ನೆಕ್ಕಲಿ ಎಂದು ಇರಬೇಕು. ಬುತ್ತಿ ಬಿಚ್ಚಿದೆ. ಹಾಗೇ ಮತ್ತೆ ಕಟ್ಟಿದೆ.

ಇಳಿಯುವಾಗ ಘಾಟಿಯ ಕಡೆಯಿಂದ ಮಂಜು ಹತ್ತಿ ಬಂತು. ಮೇಲಿನ ಹಳ್ಳದ ಹತ್ತಿರ ಅವರು ಕತ್ತಿನ ಬಟ್ಟೆ ಬದಲಿಸಬೇಕೆಂದು ಕೂತು, ನೀನು ನಡಿ ಎಂದು ಕೈ ತೋರಿಸಿದರು. ಆ ತೂತನ್ನು ನನ್ನೆದುರು ತೆರೆಯಲು ಅವರಿಗೆ ಇವತ್ತಿಗೂ ನಾಚಿಕೆ. ಮುಂದಿನ ತಿರುವಿನಲ್ಲಿ ಕಾದೆ. ಬರಲಿಲ್ಲ. ಹಿಂದಿರುಗಿ ಹಳ್ಳಕ್ಕೆ ಬಂದೆ. ಕಲ್ಲಿನ ಮೇಲೆ ಯಾರೂ ಇರಲಿಲ್ಲ.

ಮಂಜು ಎಷ್ಟು ಒತ್ತಾಗಿತ್ತೆಂದರೆ ಚಾಚಿದ ಕೈಯ ಆಚೆ ಮರವಿದೆಯೋ ಮನುಷ್ಯನಿದ್ದಾನೋ ತಿಳಿಯುತ್ತಿರಲಿಲ್ಲ. ರೀ ಎಂದು ಕೂಗಿದೆ. ಹಳ್ಳದುದ್ದಕ್ಕೂ ಕೂಗುತ್ತಾ ಇಳಿದೆ, ಮತ್ತೆ ಕೂಗುತ್ತಾ ಹತ್ತಿದೆ. ಜಾರಿ ಬಿದ್ದರೇ? ಆನೆಯೇ? ಇಲ್ಲ, ಬೇಕೆಂದೇ ಎಲ್ಲಿಗಾದರೂ ನಡೆದುಬಿಟ್ಟರೇ? ಆ ಕೊನೆಯದು ತಲೆಗೆ ಬಂದದ್ದೇ ಪಕ್ಕದ ಮರವನ್ನು ಹಿಡಿದುಕೊಂಡೆ. ಹೆದರಿಕೆ ಹೆಚ್ಚಾದರೆ ನನಗೆ ಬಾಯಿಗೆ ಬರುವುದು ಬೈಗುಳವೇ.

"ಇಷ್ಟೊತ್ತಿಂದ ಬಡ್ಕೋತಾ ಇದೀನಿ, ಒಂದ್ ಸಲ ಓ ಅನ್ನಕ್ಕೆ ಏನಾಗೈತೆ ನಿಮ್ಗೆ?"

ಆ ಮಾತು ನನ್ನ ಕಿವಿಗೇ ಬಿದ್ದ ಮೇಲೆ ನಾನು ಮತ್ತೆ ಕೂಗಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಹಳ್ಳದ ಆಚೆ ದಡ ಹತ್ತಿದೆ. ಅಲ್ಲಿ ದನಗಳ ಹಳೆಯ ಜಾಡೊಂದು ಕವಲೊಡೆದಿತ್ತು. ಮಂಜಿನಲ್ಲಿ ಅದನ್ನೇ ದಾರಿ ಎಂದುಕೊಂಡು ಹಿಡಿದಿದ್ದರು.

ತೀರಾ ಹತ್ತಿರ ಹೋದ ಮೇಲೆ ಕಂಡರು. ನನಗೆ ಬೆನ್ನು ಮಾಡಿ ಅಲ್ಲ, ಪಕ್ಕಕ್ಕೆ ತಿರುಗಿ, ನಾನು ಮೊದಲು ಕೂಗಿದ್ದ ದಿಕ್ಕಿಗೆ ಮುಖ ಮಾಡಿ ನಿಂತಿದ್ದರು. ಕೋಲು ಕಾಲ ಬುಡದಲ್ಲೇ ಬಿದ್ದಿತ್ತು. ಎತ್ತಿ ಮರಕ್ಕೆ ಬಡಿದಿದ್ದರೆ ನನಗೆ ಕೇಳುತ್ತಿತ್ತು. ಚಪ್ಪಾಳೆ ತಟ್ಟಿದ್ದರೂ ಕೇಳುತ್ತಿತ್ತು. ಅದು ಯಾವುದೂ ಅವರ ನೆನಪಿಗೆ ಬಂದಿರಲಿಲ್ಲ. ಎರಡೂ ಅಂಗೈಗಳನ್ನು ಬಾಯಿಯ ಅಕ್ಕಪಕ್ಕ ಹಿಡಿದು, ಕಣ್ಣು ಮುಚ್ಚಿ, ಕತ್ತಿನ ನರಗಳು ಬಿಗಿದು, ನನಗೆ ಓಗೊಡುತ್ತಿದ್ದರು. ನಾನು ಕೂಗುವುದನ್ನು ನಿಲ್ಲಿಸಿಬಿಟ್ಟಿದ್ದೆನಲ್ಲ, ಅದಕ್ಕೇ ಇನ್ನೂ ಬಾಯಿ ಅಗಲಿಸಿ, ಇನ್ನೂ ಜೋರಾಗಿ ಕೂಗುತ್ತಿದ್ದರು.