ಹೆಚ್ಚಿದ ದಾರ

ನಮ್ಮ ಮನೆಯಲ್ಲಿ ಮೀನು ಎಂಬ ಮಾತು ಬಾಯಿಗೆ ಬರುತ್ತಿದ್ದುದು ಪಂಚಾಂಗದಲ್ಲಿ ಮೀನರಾಶಿ ಬಂದಾಗ ಮಾತ್ರ. ಅಂಥ ಮನೆಯ ಹಿತ್ತಿಲಲ್ಲಿ ಕೂತು ನಾನು ಸಮುದ್ರದ ಮೀನು ಹಿಡಿಯುವ ಗಾಳ ತೊಳೆದೆ.

ಆಗ ನಾನು ಹುಬ್ಬಳ್ಳಿಯಲ್ಲಿ ರೈಲಿನ ಇಂಜಿನಿಯರ ಸಾಹೇಬನೊಬ್ಬನ ಕೈಕೆಳಗೆ ಕಾರಕೂನ. ಆ ಪುಣ್ಯಾತ್ಮನಿಗೆ ಮೀನಿನ ಹುಚ್ಚು. ರಜೆ ಸಿಕ್ಕಿತೆಂದರೆ ಗಾಡಿ ಹತ್ತಿ ಗೋವೆಯ ಸಮುದ್ರಕ್ಕೆ ಓಡುವನು. ಎರೆಹುಳ ಗಿರೆಹುಳ ಇಲ್ಲ. ಕೊಕ್ಕೆಗೆ ಹಕ್ಕಿಯ ಪುಕ್ಕ ಕಟ್ಟಿ, ರೇಶ್ಮೆ ದಾರವನ್ನು ಬಾರಕೋಲಿನ ಹಾಗೆ ಬೀಸಿ ಒಗೆಯುವ ವಿದ್ಯೆ ಅದು. ಆ ಸಾಮಾನುಗಳನ್ನು ತೊಳೆದಿಡುತ್ತಿದ್ದ ಬಟ್ಲರ ಊರಿಗೆ ಹೋದವನು ತಿರುಗಿ ಬರಲಿಲ್ಲ. ಬಂಗಲೆಯ ಬಾವಿಯೋ ಸವಳು ನೀರಿನದು. ನಮ್ಮ ಬಾವಿಯದು ಸಿಹಿನೀರೆಂದು ಯಾವನೋ ಸಾಹೇಬನ ಕಿವಿಯಲ್ಲಿ ಊದಿದ. ಗಾಳದ ಸಾಮಾನಿನ ಚೀಲ ನನ್ನ ಕೊರಳಿಗೆ ಬಿತ್ತು. ಒಲ್ಲೆ ಎನ್ನುವ ಧೈರ್ಯ ಎಲ್ಲಿಂದ ತರಲಿ?

ಕ್ರಮವನ್ನೆಲ್ಲ ಸಾಹೇಬನೇ ಹೇಳಿಕೊಟ್ಟಿದ್ದ. ಈ ಸಾಮಾನಿಗೆ ಉಪ್ಪೇ ವೈರಿ. ದಾರ ಸುತ್ತುವ ಹಿತ್ತಾಳೆಯ ಗಾಲಿಯನ್ನು ಬಿಚ್ಚಿ ಉಗುರುಬೆಚ್ಚಗಿನ ಸಿಹಿನೀರಲ್ಲಿ ಅದ್ದಬೇಕು. ಅದರ ಸಂದಿಸಂದಿಯಲ್ಲೂ ಬಿಳಿ ಉಪ್ಪು ಹೂಬಿಟ್ಟಿತ್ತು. ಉಪ್ಪು ತಿಂದವ ನೀರು ಕುಡಿಯಲೇಬೇಕು ಎನ್ನುತ್ತ ಮೂರು ಸಲ ನೀರು ಬದಲಿಸಿ, ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ. ಬಿದಿರಿನ ಕೋಲಿಗೆ ಉಂಗುರಗಳನ್ನು ಬಿಗಿದ ನೂಲು ಸಡಿಲಾಗಿತ್ತು. ಪೇಟೆಯಿಂದ ಕೆಂಪು ರೇಶ್ಮೆ ನೂಲು ತಂದು ಮತ್ತೆ ಬಿಗಿದು ಕಟ್ಟಿ, ಉಳಿದಷ್ಟನ್ನು ಹಿತ್ತಿಲ ಕಟ್ಟೆಯ ಮೇಲಿಟ್ಟೆ. ಕೊನೆಗೆ ಬೆಲ್ಲದ ಬಣ್ಣದ ಆ ಉದ್ದನೆಯ ದಾರ. ಅದನ್ನು ತೊಳೆದು, ಪೇರಲ ಗಿಡದ ನೆರಳಿನಲ್ಲಿ ಸುರುಳಿ ಸುರುಳಿಯಾಗಿ ತೂಗುಹಾಕಿದೆ. ದಾರಕ್ಕೆ ಸವರಲೆಂದು ಸಾಹೇಬ ಕೊಟ್ಟ ಪ್ರಾಣಿಯ ಕೊಬ್ಬಿನ ಡಬ್ಬಿಯನ್ನು ಮಾತ್ರ ಆಫೀಸಿನಲ್ಲೇ ಬಿಟ್ಟು ಬಂದಿದ್ದೆ. ಅದರ ಬದಲು ಜೇನುಮೇಣ ಸವರಿದರಾಯಿತು ಅಂದುಕೊಂಡೆ.

ಅವ್ವ ಮಡಿಯುಟ್ಟು ನೀರು ಸೇದಲು ಬಂದಳು.

“ಏನೋ ಇದು?”

“ರೈಲಿನ ಹಾದಿ ಅಳತಿ ಮಾಡೂ ಸಾಮಾನವ್ವಾ.”

“ದಾರಾ ರೇಶ್ಮಿದೇನು?”

“ಹೂಂ.”

“ರೇಶ್ಮಿಗೆ ಮೈಲಿಗಿಲ್ಲ ಬಿಡು,” ಎಂದು ಒಳಗೆ ಹೋದಳು. ನನ್ನ ಸುಳ್ಳಿಗೆ ಬೆಂಕಿ ಹಾಕ!

ಅಪ್ಪನಿಗೆ ಆಗ ವಿಷಮಜ್ವರ. ಮರುದಿನಕ್ಕೆ ಹದಿನೆಂಟು ದಿನ. ಇಪ್ಪತ್ತೊಂದು ದಾಟಿದರೆ ಗೆದ್ದಂತೆ ಎಂದು ವೈದ್ಯರು ಹೇಳಿದ್ದರು. ನೀರಿಗೆ ಏಳುವುದೊಂದು ಬಿಟ್ಟರೆ ಅವ್ವ ಆ ಹಾಸಿಗೆ ಬಿಟ್ಟು ಕದಲುತ್ತಿರಲಿಲ್ಲ.

ಮುಂಜಾನೆ ನಾನು ಆಫೀಸಿಗೆ ಹೊರಟು ರುಮಾಲು ಸುತ್ತುತ್ತಿದ್ದೆ. ಬಾಗಿಲಿನಿಂದ ಅವ್ವನ ಸಣ್ಣ ದನಿ ಬಂತು: “ದಾರಾ ಹೆಚ್ಚೇದ ನೋಡೋ.”

ಕಟ್ಟೆಯ ಮೇಲೆ ಉಳಿದ ಕೆಂಪು ನೂಲಿನ ಮಾತು ಎಂದು ತಿಳಿದೆ. “ಹೌದವ್ವಾ, ಹಿತ್ತಲದಾಗಿನ ರೇಶ್ಮಿ ನೀನ ತಗೋ, ನನಗ ಬ್ಯಾಡ,” ಎಂದು ಹೊರಬಿದ್ದೆ. ತಿರುಗಿ ಅವಳ ಮುಖ ನೋಡಲಿಲ್ಲ.

ಸಂಜೆ ಬಂದು ದಾರ ಸುತ್ತತೊಡಗಿದೆ. ತುದಿ ಕೈಗೆ ಬಂತು. ಸಣ್ಣಗೆ ಇಳಿದಿರಬೇಕಾದ ತುದಿ ಮೊಂಡಾಗಿತ್ತು. ಕತ್ತರಿಯ ಕಚ್ಚು! ಒಂದು ಮಾರು ದಾರ ಮಾಯ. ಸಾಹೇಬ ಇನ್ನೆರಡು ದಿನದಲ್ಲಿ ಸಮುದ್ರಕ್ಕೆ ಹೊರಡುವವನಿದ್ದ.

“ಅವ್ವಾ, ಈ ದಾರಾ ಯಾರು ಕತ್ತರಿಸ್ಯಾರ?”

ಅಪ್ಪನ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದ ಅವ್ವ ಕೊರಳು ಮುಟ್ಟಿಕೊಂಡಳು. “ನೀನ ಹೇಳಿದೆಲ್ಲೋ ತಗೋ ಅಂತ. ಕೆಂಪಂದು ತೀರಾ ಬಡಕಲಿತ್ತು. ಇದು ಗಟ್ಟಿ ಅದ.”

ಅಲ್ಲಿ, ಕರಿಮಣಿಗಳ ನಡುವೆ, ತಾಳಿ ಹಿಡಿದುಕೊಂಡು, ಸಾಹೇಬನ ಗಾಳದ ದಾರ!

ಆಗ ನನಗೆ ಅವಳ ಮಾತು ತಿಳಿಯಿತು. ಬಳೆ ಒಡೆಯಿತು ಎನ್ನಬಾರದು, ತಾಳಿಯ ದಾರ ಹರಿಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು. ಹುಟ್ಟಿದಾಗಿನಿಂದ ಕೇಳಿದ ಮಾತು! ಗಂಡ ಜ್ವರದಲ್ಲಿ ಬಿದ್ದಿರುವಾಗ ಅವಳ ತಾಳಿಯ ದಾರ ಹರಿದಿತ್ತು. ಅದನ್ನು ಹೇಳಲು ಬಂದವಳಿಗೆ ನಾನು, ಕತ್ತೆ, ನನಗೆ ಬೇಡ ತಗೋ ಎಂದಿದ್ದೆ.

ತಡೆಯಲಾರದೆ ಬಾಯಿಬಿಟ್ಟೆ. “ಅವ್ವಾ, ತಪ್ಪಾತು. ನಾ ಸುಳ್ಳು ಹೇಳಿದ್ದೆ. ಅದು ಮೀನಾ ಹಿಡಿಯೂ ದಾರಾ!”

ಮೀನು ತಿನ್ನುವವರ ಮನೆಯ ನೆರಳು ದಾಟಿದರೂ ಸ್ನಾನ ಮಾಡುವ ಹೆಂಗಸು ಅವಳು. ಕಿರುಚುತ್ತಾಳೆ, ಕಿತ್ತೆಸೆಯುತ್ತಾಳೆ ಎಂದುಕೊಂಡೆ. ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ಬಾಯಿ ತೆರೆದು ಉಸಿರಾಡುತ್ತಿದ್ದ.

“ಎಷ್ಟು ದೊಡ್ಡ ಮೀನಾ ಹಿಡೀತದ?”

“ಆಳಿನಷ್ಟು ದೊಡ್ಡದಿದ್ರೂ ಹರಿಯೂದಿಲ್ಲ ಅಂತಾರ.”

“ಮತ್ತ ಇರಲಿ ಬಿಡು. ನಿಮ್ಮಪ್ಪನ್ನ ಹಿಡಕೊಂಡಿರಲಿ.”

ನನ್ನ ಅವ್ವನೇ ಇವಳು? ಒದ್ದೆ ಬಟ್ಟೆ ಹಿಂಡಿ ಮತ್ತೆ ಅಪ್ಪನ ಹಣೆಗೆ ಹಾಕುತ್ತ ಅವಳೇ ಕೇಳಿದಳು: “ಇದು ಹಾಳಾಗಧಂಗ ಹ್ಯಾಂಗ ಇಡಬೇಕೋ?”

ಹೇಳಿದೆ. ಉಪ್ಪು ತಾಗಬಾರದು, ತಾಗಿದರೆ ಸಿಹಿನೀರಿನಿಂದ ತೊಳೆಯಬೇಕು, ಬಿಸಿಲಿಗೆ ಒಡ್ಡಬಾರದು, ಮೇಣ ಸವರಬೇಕು.

“ಬೆವರೂ ಉಪ್ಪಽ ಅಲ್ಲೇನು,” ಎಂದಳು.

ಮರುದಿನ ಸಾಹೇಬನ ಮುಂದೆ ನಿಂತು ಇದ್ದದ್ದು ಇದ್ದಂತೆ ಹೇಳಿದೆ. ಕೆಂಪಗಾದ, ಮೇಜು ಕುಟ್ಟಿದ, ಕೂಗಾಡಿದ. ಆಮೇಲೆ ಕುರ್ಚಿಯಲ್ಲಿ ಕೂತು, ನಿನ್ನ ತಂದೆ ಬದುಕಿದ್ದಾರೆಯೇ ಎಂದು ಕೇಳಿದ. ಇದ್ದಾರೆ ಎಂದೆ. ಅವನು ದಾರವನ್ನು ಪೂರ್ತಿ ಬಿಚ್ಚಿ, ಕತ್ತರಿಸಿದ ತುದಿ ಒಳಗೆ ಹೋಗುವಂತೆ ತಿರುಗಾಮುರುಗಾ ಸುತ್ತಿದ. ನಡು ಮಾತ್ರ ದಪ್ಪ, ಎರಡೂ ತುದಿ ಸಣ್ಣ. ಒಂದು ಹೋದರೆ ಇನ್ನೊಂದು. ನನಗೆ ಅದೂ ಗೊತ್ತಿರಲಿಲ್ಲ.

ಅಪ್ಪ ಇಪ್ಪತ್ತೊಂದು ದಾಟಿ ಎದ್ದು ಕೂತ. ಮುಂದೆ ಆರು ವರ್ಷ ಇದ್ದ. ಆ ಆರು ವರ್ಷವೂ ಅವ್ವ ಪ್ರತಿ ಶುಕ್ರವಾರ ಕೊರಳಲ್ಲಿದ್ದಂತೆಯೇ ಆ ದಾರವನ್ನು ಬಾವಿಯ ನೀರಿನಿಂದ ತೊಳೆದು, ಹಳೇ ಧೋತರದ ಅರಿವೆಯಿಂದ ಒತ್ತಿ ಒರೆಸಿ, ಬೆರಳಿಗೆ ಮೇಣ ಹಚ್ಚಿಕೊಂಡು ಸವರುತ್ತಿದ್ದಳು. ನಾನು ಸಾಹೇಬನ ಸಾಮಾನನ್ನೂ ಅಷ್ಟು ಜೋಕೆ ಮಾಡಲಿಲ್ಲ.

ಏಳನೆಯ ವರ್ಷ ಅಪ್ಪ ಹೋದ. ಹತ್ತನೆಯ ದಿನ ತಾಳಿ ತೆಗೆಯಲು ಓಣಿಯ ವಿಧವೆಯರು ಅವ್ವನ ಸುತ್ತ ಕೂತರು. ಹಿರಿಯಳೊಬ್ಬಳು ದಾರಕ್ಕೆ ಬೆರಳು ಹಾಕಿ ಜಗ್ಗಿದಳು. ಹರಿಯಲಿಲ್ಲ. ಎರಡೂ ಕೈಯಿಂದ ಜಗ್ಗಿದಳು. ಅವ್ವನ ತಲೆಯೇ ಮುಂದೆ ಬಾಗಿತು, ಕೊರಳಲ್ಲಿ ಕೆಂಪು ಗೆರೆ ಎದ್ದಿತು. ದಾರ ಮಾತ್ರ ಹರಿಯಲಿಲ್ಲ. ಇನ್ನೊಬ್ಬಳು ಕೈಹಾಕಿದಳು. ಅಯ್ಯೋ ಶಿವನೇ, ನನ್ನ ಕಣ್ಣಿಂದ ನೋಡಲಾಗಲಿಲ್ಲ.

“ಕತ್ತರಿ ತಾರೋ,” ಎಂದರು.

ತಂದುಕೊಟ್ಟೆ. ಅವ್ವ ತಲೆಯೆತ್ತಿ ನನ್ನನ್ನು ನೋಡಿದಳು.

“ಹರೀಲಿಲ್ಲ ನೋಡು,” ಎಂದಳು. “ನಾ ಛಲೋ ಇಟ್ಟಿದ್ದೆ.”